ಕರೆಗಂಟೆ ಕೇಳಿ ಓಡಿಬರುವವರು ಯಾರು?

ಓದುಗರ ಪ್ರಶ್ನೆಗಳಿಗೆ ಉತ್ತರ

ಹಿರಿಯರು ಒಬ್ಬರೇ ಇರುವ ಮನೆಗಳಲ್ಲಿ ‘ಸ್ಮಾರ್ಟ್’ ಸಾಧನಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂದು ಕೇಳಿ ಬಂದ ಪತ್ರಗಳಲ್ಲಿ ಉತ್ತರ ಕನ್ನಡ ಜಿಲ್ಲೆಯವೇ ಹೆಚ್ಚು. ಘಟ್ಟದ ಮೇಲಿನ ತೋಟದ ಮನೆಗಳಲ್ಲಿಯೂ ಕರಾವಳಿಯ ಕೇರಿಗಳಲ್ಲಿಯೂ ಮಕ್ಕಳು ಬೆಂಗಳೂರು, ಪುಣೆ, ಗಲ್ಫ್ ಎಂದು ಹೊರಟು, ಎಪ್ಪತ್ತು ದಾಟಿದವರು ಮಾತ್ರ ಉಳಿದಿರುವುದು ಇಲ್ಲಿನವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಒಂದೇ ತೆರನಾದ ಪತ್ರಗಳನ್ನು ಸೇರಿಸಿ ಆರು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಆಯಿಗೆ 78 ವರ್ಷ. ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ದೂರದ ತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಎಲ್ಲ ಕೋಣೆಗಳಿಗೂ ಕ್ಯಾಮೆರಾ ಹಾಕಿಸಬೇಕೆಂದಿದ್ದೇನೆ, ಆದರೆ ಆಯಿ ‘ನಾನೇನು ಕಳ್ಳತನ ಮಾಡಿದ್ದೇನೆಯೇ’ ಎಂದು ಕೇಳುತ್ತಾಳೆ. ಅವಳನ್ನು ಒಪ್ಪಿಸುವುದು ಹೇಗೆ?
— ಶಿರಸಿ ತಾಲ್ಲೂಕಿನ ಓದುಗರು

ಉತ್ತರ: ಒಪ್ಪಿಸುವ ಪ್ರಯತ್ನವನ್ನು ದಯವಿಟ್ಟು ಬಿಟ್ಟುಬಿಡಿ, ನಿಮ್ಮ ತಾಯಿಯವರು ಹೇಳುವುದು ಸರಿಯಾಗಿದೆ. ಐವತ್ತು ವರ್ಷಕ್ಕೂ ಮಿಗಿಲಾಗಿ ತನ್ನದೆಂದು ನಡೆಸಿಕೊಂಡು ಬಂದ ಮನೆಯಲ್ಲಿ ಸೀರೆ ಬದಲಿಸುವಾಗಲೂ, ಮಧ್ಯಾಹ್ನ ಊಟವಾದ ಮೇಲೆ ಅಡ್ಡಾಗುವಾಗಲೂ ಯಾರೋ ನೋಡುತ್ತಿರಬಹುದೆಂಬ ಅಳುಕನ್ನು ಹೊತ್ತುಕೊಂಡಿರುವುದಾದರೆ, ಯಾವ ಸ್ವಾತಂತ್ರ್ಯಕ್ಕಾಗಿ ಅವರು ಊರು ಬಿಟ್ಟು ಬರಲು ಒಪ್ಪಲಿಲ್ಲವೋ ಆ ಸ್ವಾತಂತ್ರ್ಯವೇ ಉಳಿಯುವುದಿಲ್ಲ. ಇನ್ನು ಉಪಯೋಗದ ಮಾತು. ಕ್ಯಾಮೆರಾ ನೆರವಾಗುವುದು ಅದನ್ನು ಯಾರಾದರೂ ನೋಡುತ್ತಿದ್ದಾಗ ಮಾತ್ರ, ನೀವು ಕಚೇರಿಯಲ್ಲಿ ಮೀಟಿಂಗಿನಲ್ಲಿರುವಾಗ ಅದನ್ನು ನೋಡುವವರು ಯಾರೂ ಇರುವುದಿಲ್ಲ.

ಆಯಿ ಎಂದಿನಂತೆ ಎದ್ದು ಓಡಾಡುತ್ತಿದ್ದಾಳೆಯೇ ಎಂಬುದಷ್ಟು ತಿಳಿದರೆ ನಿಮಗೆ ಸಾಕು, ಅದಕ್ಕೆ ಚಿತ್ರ ಬೇಕಿಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಮೋಷನ್ ಸೆನ್ಸರ್ ಸಿಗುತ್ತದೆ. ಮನುಷ್ಯನ ಮೈಯ ಶಾಖ ಅದರ ಎದುರಿನಿಂದ ಹಾದುಹೋದರೆ ಅದಕ್ಕೆ ಗೊತ್ತಾಗುತ್ತದೆಯೇ ಹೊರತು, ಹೋದವರು ಯಾರು, ಏನು ಉಟ್ಟಿದ್ದರು ಎಂಬುದು ಗೊತ್ತಾಗುವುದಿಲ್ಲ. ಬಾಗಿಲಿನ ಸೆನ್ಸರ್ ಇನ್ನೂ ಸರಳ: ಒಂದು ಅಯಸ್ಕಾಂತದ ತುಂಡು ಬಾಗಿಲಿಗೆ, ಒಂದು ಸ್ವಿಚ್ಚು ಚೌಕಟ್ಟಿಗೆ, ಎರಡೂ ಬೇರೆಯಾದರೆ ಬಾಗಿಲು ತೆರೆಯಿತೆಂದು ಅರ್ಥ. ಅಡುಗೆಮನೆಯಲ್ಲಿ ಒಂದು, ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು, ಹಿತ್ತಿಲ ಬಾಗಿಲಿಗೆ ಒಂದು ಹಾಕಿಸಿ, ‘ಬೆಳಿಗ್ಗೆ ಏಳೂವರೆಯೊಳಗೆ ಅಡುಗೆಮನೆಯಲ್ಲಿ ಓಡಾಟ ಕಾಣದಿದ್ದರೆ ತಿಳಿಸು’ ಎಂದು ನಿಯಮ ಬರೆದಿಟ್ಟರೆ, ಉಳಿದ ದಿನವೆಲ್ಲ ಅದು ತನ್ನ ಪಾಡಿಗೆ ತಾನು ಸುಮ್ಮನಿರುತ್ತದೆ. ಜಪಾನಿನ ಜೊಜಿರುಶಿ ಕಂಪನಿ 2001ರಲ್ಲಿಯೇ ನೀರು ಕಾಯಿಸುವ ಪಾತ್ರೆಯೊಂದಕ್ಕೆ ಇಂಥ ಏರ್ಪಾಟು ಮಾಡಿತು. ಅಜ್ಜಿ ಚಹಾಕ್ಕೆಂದು ಬಿಸಿನೀರು ಬಗ್ಗಿಸಿಕೊಂಡರೆ ದೂರದ ಮಕ್ಕಳಿಗೆ ಇಮೇಲ್ ಹೋಗುತ್ತಿತ್ತು. ಅಜ್ಜಿ ವಿಶೇಷವಾಗಿ ಏನನ್ನೂ ಮಾಡಬೇಕಾಗಿರಲಿಲ್ಲ, ದಿನನಿತ್ಯದ ಚಹಾ ಕುಡಿದರೆ ಸಾಕಿತ್ತು. ಈ ವಿಷಯದಲ್ಲಿ ನಾನು ಕಂಡ ಅತ್ಯಂತ ಸೌಜನ್ಯದ ಉಪಾಯ ಅದು.

ಆದರೆ ಸುದ್ದಿ ನಿಮಗೆ ಮುಟ್ಟಿದ ಮೇಲೆ ಮುಂದೇನು? ನಾನೂರು ಕಿಲೋಮೀಟರ್ ದೂರದಿಂದ ನೀವು ಏನು ಮಾಡಬಲ್ಲಿರಿ? ಇದನ್ನು ನನ್ನ ಅನುಭವದಿಂದಲೇ ಹೇಳಬೇಕಾಗಿದೆ. ನನ್ನ ತಾಯಿ ಸಿದ್ದಾಪುರದ ಕಡೆಯ ನಮ್ಮ ಹಳೆಯ ಮನೆಯಲ್ಲಿ ಒಬ್ಬರೇ ಇದ್ದಾಗ ನಾನು ಇಂಥದೇ ಏರ್ಪಾಟು ಮಾಡಿ, ಹುಬ್ಬಳ್ಳಿಯಲ್ಲಿ ನೆಮ್ಮದಿಯಾಗಿದ್ದೆ. ಆಷಾಢದ ಒಂದು ಬೆಳಿಗ್ಗೆ ‘ಓಡಾಟ ಕಂಡಿಲ್ಲ’ ಎಂಬ ಸಂದೇಶ ಬಂತು; ಫೋನು ಮಾಡಿದರೆ ಅಮ್ಮ ಎತ್ತಲಿಲ್ಲ. ಪಕ್ಕದ ಮನೆಯ ಹುಡುಗ ನನ್ನ ಕರೆ ಮುಗಿಯುವ ಮೊದಲೇ ಅಂಗಳಕ್ಕೆ ಓಡಿಬಂದಿದ್ದ. ಆದರೆ ಹೆಬ್ಬಾಗಿಲಿಗೂ ಹಿತ್ತಿಲ ಬಾಗಿಲಿಗೂ ಅಮ್ಮ ಎಂದಿನಂತೆ ಒಳಗಿನಿಂದ ಅಗಳಿ ಹಾಕಿಕೊಂಡಿದ್ದರು. ಹಲಸಿನ ಹಲಗೆಯ ಬಾಗಿಲು ಒದ್ದರೆ ಮುರಿಯುವಂಥದಲ್ಲ. ಮಳೆಯಲ್ಲಿ ಏಣಿ ತಂದು, ಮಾಡು ಹತ್ತಿ, ಹಂಚು ತೆಗೆದು ಒಳಗಿಳಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಅಮ್ಮ ಬಚ್ಚಲಿನ ಮೆಟ್ಟಿಲ ಬಳಿ ನಡುರಾತ್ರಿಯೇ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಕಾಲೊರೆಸಲು ಹಾಸಿದ್ದ ಒದ್ದೆ ಗೋಣಿತಾಟನ್ನು ಎಳೆದು ಮೈಮೇಲೆ ಹೊದ್ದುಕೊಂಡಿದ್ದರು.

ಅಂದು ಸೆನ್ಸರು ತನಗೆ ಹೇಳಿಕೊಟ್ಟ ಕೆಲಸವನ್ನು ತಪ್ಪದೆ ಮಾಡಿತ್ತು, ಹೇಳಿಕೊಡಬೇಕಾದವನು ಎರಡು ಕಡೆ ತಪ್ಪಿದ್ದೆ. ಬೆಳಗಿನ ನಿಯಮವೊಂದನ್ನೇ ಬರೆದು, ‘ರಾತ್ರಿ ಬಚ್ಚಲಿನ ದಾರಿಯಲ್ಲಿ ಹೋದವರು ಅರ್ಧ ಗಂಟೆಯಲ್ಲಿ ಮರಳದಿದ್ದರೆ’ ಎಂಬ ನಿಯಮವನ್ನು ಬರೆದಿರಲಿಲ್ಲ. ಅಗಳಿಯನ್ನು ನೆನೆದೇ ಇರಲಿಲ್ಲ. ಬಿದ್ದ ಪೆಟ್ಟಿನಷ್ಟೇ ಅಪಾಯ ಬಿದ್ದಲ್ಲೇ ಗಂಟೆಗಟ್ಟಲೆ ಉಳಿಯುವುದರಲ್ಲಿಯೂ ಇದೆ: ಮೈಯ ಶಾಖ ಇಳಿಯುತ್ತದೆ, ನೀರಿನಂಶ ಕಡಿಮೆಯಾಗುತ್ತದೆ, ಒತ್ತಿಹೋದ ಮಾಂಸಖಂಡ ಜಖಂಗೊಂಡು ಅದರ ತೊಂದರೆ ಮೂತ್ರಪಿಂಡದವರೆಗೂ ಹೋಗುತ್ತದೆ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಆದ್ದರಿಂದ ಯಾವ ಸಾಧನವನ್ನೂ ಕೊಳ್ಳುವ ಮೊದಲು, ಹತ್ತು ನಿಮಿಷದೊಳಗೆ ನಡೆದು ಬರಬಲ್ಲ ಇಬ್ಬರ ಹೆಸರನ್ನು ತಾಯಿಯವರ ಬಾಯಿಂದಲೇ ಹೇಳಿಸಿ ಬರೆದುಕೊಳ್ಳಿ. ಸಂದೇಶ ನಿಮ್ಮ ಫೋನಿಗೆ ಬರುವಾಗಲೇ ಅವರ ಫೋನಿಗೂ ಹೋಗಲಿ. ಒಂದು ಬಾಗಿಲಿಗಾದರೂ ಒಳಗಿನ ಅಗಳಿಯ ಬದಲು ಹೊರಗಿನಿಂದ ಕೀಲಿಯಲ್ಲಿ ತೆಗೆಯಲು ಬರುವ ಬೀಗ ಹಾಕಿಸಿ, ಒಂದು ಕೀಲಿಯನ್ನು ಅವರ ಮನೆಯಲ್ಲಿಡಿ. ದುಬಾರಿಯ ಸ್ಮಾರ್ಟ್ ಬೀಗ ಹಾಕಿಸಿದರೂ ಒಳಗೆ ಅಗಳಿ ಬಿದ್ದಿದ್ದರೆ ಅದು ಕೆಲಸಕ್ಕೆ ಬಾರದು.

ಮಳೆಗಾಲಕ್ಕೆ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ. ಕತ್ತಲಲ್ಲಿ ಕಾಲಿಟ್ಟೊಡನೆ ತಾನಾಗಿ ಹೊತ್ತಿಕೊಳ್ಳುವ ಸಣ್ಣ ದೀಪಗಳನ್ನು ಮಂಚದ ಪಕ್ಕದಿಂದ ಬಚ್ಚಲಿನವರೆಗೆ, ಹೊಸಿಲು ಇರುವಲ್ಲೆಲ್ಲ ಹಾಕಿಸಿ. ಇವಕ್ಕೆ ಇಂಟರ್ನೆಟ್ ಬೇಡ, ಆ್ಯಪ್ ಬೇಡ, ಬೆಲೆಯೂ ಕೆಲವು ನೂರು ರೂಪಾಯಿ. ಅಂಗಳ ದಾಟಿ ಹೋಗಬೇಕಾದ ಬಚ್ಚಲಾದರೆ ಹಾವಸೆಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿಸಿ, ನಮ್ಮ ಹಿರಿಯರು ಮಾಡುತ್ತಿದ್ದಂತೆ ಅಡಕೆ ದಬ್ಬೆ ಹಾಸಿ, ಗೋಡೆಗೆ ಹಿಡಿಕೆ ಬಡಿಸಿ. ಬಿದ್ದ ಮೇಲೆ ತಿಳಿಸುವ ಸಾಧನಕ್ಕಿಂತ ಬೀಳದಂತೆ ನೋಡಿಕೊಳ್ಳುವ ದೀಪಕ್ಕೆ ಮೊದಲ ಖರ್ಚು ಸಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: ನಿವೃತ್ತರಾದ ನನ್ನ ತಂದೆಯವರು ಕಾರವಾರದಲ್ಲಿದ್ದಾರೆ. ಪ್ರತಿದಿನ ಸಂಜೆ ಟ್ಯಾಗೋರ್ ಕಡಲತೀರದಲ್ಲಿ ಒಬ್ಬರೇ ವಾಕಿಂಗ್ ಹೋಗುತ್ತಾರೆ. ಬಿದ್ದರೆ ತಾನಾಗಿ ಫೋನು ಮಾಡುವ ಕೈಗಡಿಯಾರ ಕೊಡಿಸಬಹುದೇ?
— ಪಣಜಿಯಲ್ಲಿ ನೆಲೆಸಿರುವ ಕಾರವಾರದ ಓದುಗರು

ಉತ್ತರ: ಕೊಡಿಸಬಹುದು, ಅವರ ಅಭ್ಯಾಸಕ್ಕೆ ಹೊಂದಿದರೆ. ಆಪಲ್ ಕಂಪನಿಯ ಗಡಿಯಾರಕ್ಕೆ ಈ ಸೌಲಭ್ಯ 2018ರಲ್ಲಿ ಬಂತು. ಈಗ ಸ್ಯಾಮ್‌ಸಂಗ್ ಮತ್ತು ಗೂಗಲ್ ಗಡಿಯಾರಗಳಲ್ಲಿಯೂ ಇದೆ. ಕೈ ದಿಢೀರನೆ ಕೆಳಗೆ ಹೋಗಿ ಬಡಿದದ್ದನ್ನು ಒಳಗಿನ ಸೆನ್ಸರ್ ಗುರುತಿಸಿ, ‘ಬಿದ್ದಿರಾ?’ ಎಂದು ಕೇಳಿ, ಉತ್ತರವೂ ಚಲನೆಯೂ ಇಲ್ಲದಿದ್ದರೆ ಸುಮಾರು ಒಂದು ನಿಮಿಷದಲ್ಲಿ ತುರ್ತು ಕರೆ ಮಾಡಿ, ಮನೆಯವರಿಗೆ ಇರುವ ಸ್ಥಳವನ್ನು ತಿಳಿಸುತ್ತದೆ. ಕಡಲತೀರದಲ್ಲಿ ಇದು ನಿಜವಾಗಿ ಉಪಯುಕ್ತ. ಆದರೆ ಅಗ್ಗದ ಗಡಿಯಾರಗಳ ಡಬ್ಬಿಯ ಮೇಲೆ ಬರೆದದ್ದನ್ನು ನಂಬಿ ಕೊಳ್ಳಬೇಡಿ. ತಂದೆಯವರ ಬಳಿ ಆಂಡ್ರಾಯ್ಡ್ ಫೋನಿದ್ದರೆ ಆಪಲ್ ಗಡಿಯಾರ ಅದರೊಂದಿಗೆ ಕೆಲಸ ಮಾಡುವುದಿಲ್ಲ. ಸಿಮ್ ಇಲ್ಲದ ಮಾದರಿಯಾದರೆ ಫೋನು ಜೇಬಿನಲ್ಲಿಯೇ ಇರಬೇಕು.

ಮನೆಯೊಳಗಿನ ಲೆಕ್ಕ ಬೇರೆ. ಕುರ್ಚಿಯಿಂದ ಮೆಲ್ಲಗೆ ಜಾರಿ ಕುಸಿದದ್ದನ್ನು ಗಡಿಯಾರ ಗುರುತಿಸದೇ ಹೋಗಬಹುದು, ಎಲ್ಲ ಬೀಳುವಿಕೆಯನ್ನೂ ಹಿಡಿಯಲಾಗದೆಂದು ತಯಾರಕರೇ ಹೇಳುತ್ತಾರೆ. ಇಂಥ ಗಡಿಯಾರಗಳಿಗೆ ಹೆಚ್ಚುಕಡಿಮೆ ದಿನವೂ ಚಾರ್ಜ್ ಬೇಕು, ಹೆಚ್ಚಿನವರು ಅದನ್ನು ಬಿಚ್ಚಿಡುವುದು ಸ್ನಾನಕ್ಕೆ ಹೋಗುವಾಗ ಮತ್ತು ಮಲಗುವಾಗ, ಅಂದರೆ ಬೇಕಾಗುವ ಹೊತ್ತಿಗೇ ಕೈಯಲ್ಲಿ ಇರುವುದಿಲ್ಲ. ಬೆಳಿಗ್ಗೆ ಪತ್ರಿಕೆ ಓದುವಾಗ ಚಾರ್ಜಿಗೆ ಇಡುವ ರೂಢಿ ಮಾಡಿಸಿ. ಜೊತೆಗೆ, ಬಚ್ಚಲಿನಲ್ಲಿ ತಂತಿಯಿಲ್ಲದ ಕರೆಗಂಟೆಯ ಗುಂಡಿಯೊಂದನ್ನು ನೆಲದಿಂದ ಎರಡು ಗೇಣು ಎತ್ತರದಲ್ಲಿ ಅಂಟಿಸಿ, ಗಂಟೆಯನ್ನು ಪಕ್ಕದ ಮನೆಯಲ್ಲಿಡಿ. ನಿಂತಾಗ ಕೈಗೆಟುಕುವ ಎತ್ತರದ ಗುಂಡಿ ಬಿದ್ದವರಿಗೆ ಎಟುಕುವುದಿಲ್ಲವಾದ್ದರಿಂದ, ತಂದೆಯವರನ್ನೇ ನೆಲದಲ್ಲಿ ಕುಳ್ಳಿರಿಸಿ ಜಾಗ ಗುರುತು ಮಾಡಿಕೊಳ್ಳಿ. ಗಂಟೆಯ ಸದ್ದು ಗೋಡೆಗಳನ್ನು ದಾಟಿ ಪಕ್ಕದ ಮನೆಗೆ ಮುಟ್ಟುತ್ತದೆಯೇ ಎಂದು ಅಂದೇ ಒತ್ತಿ ನೋಡಿ.

ಪ್ರಶ್ನೆ: ಇವೆಲ್ಲ ಬೆಂಗಳೂರಿಗೆ ಸರಿ. ನಮ್ಮಲ್ಲಿ ಜೂನ್ ಬಂದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ನೆಟ್ ಇಲ್ಲ, ಎರಡು ದಿನ ಕಳೆದರೆ ಟವರೂ ಇಲ್ಲ. ಹೋದ ವರ್ಷ ಸಿಡಿಲಿಗೆ ಮೋಡೆಮ್ ಸುಟ್ಟಿತು. ಹೀಗಿರುವಾಗ ಈ ಸಾಧನಗಳಿಂದ ಏನು ಪ್ರಯೋಜನ?
— ಕುಮಟಾ ತಾಲ್ಲೂಕಿನ ಓದುಗರು

ಉತ್ತರ: ದೇವಿಮನೆ ಘಟ್ಟದ ಮಳೆಯನ್ನು ನೋಡಿದವರು ಮಾತ್ರ ಕೇಳಬಲ್ಲ ಪ್ರಶ್ನೆ ಇದು; ಮಾರುವವರು ಇದಕ್ಕೆ ಉತ್ತರ ಹೇಳದೇ ಸಾಧನ ಮಾರಿದರೆ ತೆಗೆದುಕೊಳ್ಳಬೇಡಿ. ಬಿಡಿಸಿ ಹೇಳುತ್ತೇನೆ.

ಸೆನ್ಸರುಗಳು ಸಾಮಾನ್ಯವಾಗಿ ಗುಂಡಿಯಾಕಾರದ ಸಣ್ಣ ಬ್ಯಾಟರಿಯಲ್ಲಿ ನಡೆಯುತ್ತವೆ, ಕರೆಂಟು ಹೋದರೂ ಅವು ಎಚ್ಚರವಿರುತ್ತವೆ. ನಿದ್ದೆ ಹೋಗುವುದು ಅವುಗಳ ಸುದ್ದಿಯನ್ನು ಹೊರಗೆ ದಾಟಿಸುವ ಹಬ್ ಮತ್ತು ರೂಟರ್. ಫೈಬರ್ ಸಂಪರ್ಕವಿದ್ದರೆ ಅದರ ಪೆಟ್ಟಿಗೆಗೂ ಕರೆಂಟು ಬೇಕು. ರೂಟರುಗಳು ಬಹುಮಟ್ಟಿಗೆ 12 ವೋಲ್ಟಿನವು. ಅವಕ್ಕೆಂದೇ ಸಿಗುವ ಪುಟ್ಟ ಯುಪಿಎಸ್ ಎರಡು ಮೂರು ಗಂಟೆ ತಳ್ಳುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಹಬ್ ಮತ್ತು ರೂಟರಿನ ಪ್ಲಗ್ಗನ್ನು ಇನ್ವರ್ಟರಿನ ಲೈನಿಗೆ ಹಾಕಿಸಿ, ಅವು ಹೀರುವ ಕರೆಂಟು ಒಂದು ಫ್ಯಾನಿಗಿಂತ ಕಡಿಮೆ. ಇಲ್ಲೊಂದು ಸೂಕ್ಷ್ಮವಿದೆ. ಜಿಗ್‌ಬೀ ಎಂಬ ರೇಡಿಯೊ ಪದ್ಧತಿಯಲ್ಲಿ ತಮ್ಮತಮ್ಮೊಳಗೆ ಮಾತಾಡಿಕೊಳ್ಳುವ ಸಾಧನಗಳಲ್ಲಿ ದೂರದ ಸೆನ್ಸರಿನ ಸುದ್ದಿಯನ್ನು ನಡುವಿನ ಸ್ಮಾರ್ಟ್ ಪ್ಲಗ್ಗುಗಳು (ಫೋನಿನಿಂದ ಹಾಕಿ ಆರಿಸಬಲ್ಲ ಪ್ಲಗ್ಗುಗಳು) ಕೈಯಿಂದ ಕೈಗೆ ದಾಟಿಸುತ್ತವೆ. ಕರೆಂಟು ಹೋದಾಗ ಆ ಪ್ಲಗ್ಗುಗಳು ಸತ್ತರೆ, ಬ್ಯಾಟರಿ ಇದ್ದೂ ಬಚ್ಚಲಿನ ಸೆನ್ಸರ್ ಒಂಟಿಯಾಗುತ್ತದೆ. ನಮ್ಮ ಚಿರೇಕಲ್ಲಿನ ದಪ್ಪ ಗೋಡೆಗಳು ವೈಫೈಯನ್ನೂ ಹಾಗೆಯೇ ನುಂಗುತ್ತವೆ. ಆದ್ದರಿಂದ ಎಲ್ಲವನ್ನೂ ಜೋಡಿಸಿದ ದಿನ ಮೇನ್ ಸ್ವಿಚ್ ಆರಿಸಿ, ಪ್ರತಿಯೊಂದು ಸೆನ್ಸರಿನ ಮುಂದೆಯೂ ನಡೆದು, ಸಂದೇಶ ಬರುತ್ತದೆಯೇ ಎಂದು ಪರೀಕ್ಷಿಸಿ ನೋಡದೆ ಜೋಡಿಸಿದವರಿಗೆ ಹಣ ಕೊಡಬೇಡಿ.

ನೆಟ್ ಹೋದಾಗ ಸಿಮ್ ಇರುವ ಹಬ್ ಎಸ್ಸೆಮ್ಮೆಸ್ ಕಳಿಸಿ, ಫೋನು ಮಾಡಿ ತಿಳಿಸುತ್ತದೆ. ಅಡಕೆ ತೋಟಕ್ಕೆ ಮೊಬೈಲ್ ಸ್ಟಾರ್ಟರ್ ಹಾಕಿಸಿ ಮನೆಯಿಂದಲೇ ಪಂಪು ಚಾಲೂ ಮಾಡುವವರಿಗೆ ಇದು ಗೊತ್ತಿರುವ ವಿದ್ಯೆ, ತತ್ವ ಒಂದೇ. ಇವುಗಳಲ್ಲಿ ಹಲವು 2ಜಿಯಲ್ಲಿ ಕೆಲಸ ಮಾಡುವಂಥವು. ಜಿಯೋದಲ್ಲಿ 2ಜಿ ಇಲ್ಲವಾದ್ದರಿಂದ ಆ ಸಿಮ್ ಅವಕ್ಕೆ ಹೊಂದುವುದಿಲ್ಲ. ನಿಮ್ಮ ಮನೆಯ ಜಗಲಿಯಲ್ಲಿ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೆಂದು ನೋಡಿಕೊಂಡು ಸಿಮ್ ಆರಿಸಿ, ರೀಚಾರ್ಜ್ ಮುಗಿಯದಂತೆ ವರ್ಷದ ಪ್ಲಾನನ್ನೇ ಹಾಕಿಸಿ.

ಟವರೂ ಹೋದ ದಿನ? ಆ ದಿನ ಸಾಧನಗಳು ಮನೆಯೊಳಗಿನ ಸೈರನ್ ಕೂಗಿಸುವುದಕ್ಕಿಂತ ಹೆಚ್ಚೇನನ್ನೂ ಮಾಡಲಾರವು. ಇದನ್ನು ಒಪ್ಪಿಕೊಂಡೇ ಏರ್ಪಾಟು ಮಾಡಬೇಕು. ‘ಸುದ್ದಿ ಇಲ್ಲ’ ಎಂಬುದನ್ನು ‘ಎಲ್ಲ ಕ್ಷೇಮ’ ಎಂದು ಓದಿಕೊಳ್ಳುವುದೇ ದೊಡ್ಡ ಅಪಾಯವಾದ್ದರಿಂದ, ಹಬ್ ಸಂಪರ್ಕ ತಪ್ಪಿದರೆ ‘ಸಂಪರ್ಕವಿಲ್ಲ’ ಎಂದು ಕಂಪನಿಯ ಕಂಪ್ಯೂಟರೇ ಮಕ್ಕಳಿಗೆ ತಾನಾಗಿ ತಿಳಿಸುವ ಸೌಲಭ್ಯ ಇರುವುದನ್ನೇ ಕೊಳ್ಳಿ. ಆ ಸಂದೇಶ ಬಂದ ದಿನ ನೆರೆಯವರು ಬೆಳಿಗ್ಗೆ ಸಂಜೆ ಬಂದು ನೋಡಿಹೋಗಲೆಂದು ಮೊದಲೇ ಮಾತಾಡಿಕೊಳ್ಳಿ.

ಸಿಡಿಲಿನ ವಿಷಯ: ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಹಳೆಯ ತಾಮ್ರದ ಟೆಲಿಫೋನ್ ತಂತಿಗಿಂತ ಅದು ಲೇಸು. ಆದರೆ ಕರೆಂಟಿನ ತಂತಿಯ ಮೂಲಕ ಬರುವ ದಾರಿ ಹಾಗೆಯೇ ಇರುತ್ತದೆ. ಮೀಟರಿನ ಬಳಿ, ತಂತಿಯಲ್ಲಿ ನುಗ್ಗಿಬಂದ ಹೆಚ್ಚುವರಿ ಕರೆಂಟನ್ನು ನೆಲಕ್ಕೆ ಹರಿಸುವ ಸರ್ಜ್ ಪ್ರೊಟೆಕ್ಟರ್ ಕೂಡಿಸಿ, ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಶಿಯನ್ನರಿಂದ ಅಳೆಯಿಸಿ. ಅರ್ಥಿಂಗ್ ಕೆಟ್ಟಿದ್ದರೆ ಪ್ರೊಟೆಕ್ಟರೂ ವ್ಯರ್ಥ.

ಪ್ರಶ್ನೆ: ನನಗೆ 71 ವರ್ಷ, ನಿವೃತ್ತ ಶಿಕ್ಷಕಿ, ಊರವರು ಈಗಲೂ ‘ಅಕ್ಕೋರು’ ಎಂದೇ ಕರೆಯುತ್ತಾರೆ. ಒಬ್ಬಳೇ ಇದ್ದೇನೆ, ಹೀಗೆಯೇ ಇರಬೇಕೆಂಬುದು ನನ್ನ ಇಷ್ಟ. ಮಗ ಮಾತನಾಡುವ ಸ್ಪೀಕರ್ ಕಳಿಸಿದ್ದಾನೆ. ನಾನು ಆಡುವ ಮಾತನ್ನೆಲ್ಲ ಅದು ಕೇಳಿಸಿಕೊಳ್ಳುತ್ತದೆಯೇ? ಇನ್ನೊಂದು, ಈಚೆಗೆ ಎರಡು ಸಲ ಹಾಲು ಒಲೆಯ ಮೇಲಿಟ್ಟು ಮರೆತೆ.
— ಹೊನ್ನಾವರದ ಓದುಗರು

ಉತ್ತರ: ಅಕ್ಕೋರೇ, ಬಂದ ಪತ್ರಗಳಲ್ಲಿ ಹಿರಿಯರೇ ಬರೆದದ್ದು ನಿಮ್ಮದೊಂದೇ, ಅದಕ್ಕಾಗಿ ನಿಮಗೆ ಕೃತಜ್ಞ. ಸ್ಪೀಕರಿನ ಮೈಕು ಸದಾ ಎಚ್ಚರವಿರುತ್ತದೆ, ಆದರೆ ತನ್ನ ಹೆಸರು ಕೇಳಿದ ಮೇಲಿನ ಮಾತನ್ನು ಮಾತ್ರ ಕಂಪನಿಯ ಕಂಪ್ಯೂಟರಿಗೆ ಕಳಿಸುವಂತೆ ಅದನ್ನು ರೂಪಿಸಲಾಗಿದೆ. ಕೆಲವೊಮ್ಮೆ ಬೇರೆ ಮಾತನ್ನು ತನ್ನ ಹೆಸರೆಂದು ತಪ್ಪಾಗಿ ಕೇಳಿಕೊಳ್ಳುವುದೂ ಉಂಟು. ಮೈಕು ಬಂದ್ ಮಾಡುವ ಗುಂಡಿ ಅದರ ಮೈಮೇಲೆಯೇ ಇದೆ. ಅಮೆಜಾನ್ ಕಂಪನಿಯ ಅಲೆಕ್ಸಾ ಆದರೆ ಗುಂಡಿ ಒತ್ತಿದಾಗ ಕೆಂಪು ದೀಪ ಹೊತ್ತುತ್ತದೆ, ಆಗ ಅದು ಏನನ್ನೂ ಕೇಳುವುದಿಲ್ಲ. ಹಳೆಯ ಧ್ವನಿಮುದ್ರಣಗಳನ್ನು ಆ್ಯಪಿನಲ್ಲಿ ಅಳಿಸಬಹುದು. ನೀವು ಮುಖ್ಯವಾಗಿ ವಿಚಾರಿಸಬೇಕಾದದ್ದು ‘ಡ್ರಾಪ್ ಇನ್’ ಎಂಬ ಸೌಲಭ್ಯದ ಬಗ್ಗೆ. ಅದನ್ನು ತೆರೆದಿಟ್ಟರೆ ನೀವು ಕರೆಯನ್ನು ಎತ್ತದಿದ್ದರೂ ಮಗನ ಧ್ವನಿ ಮನೆಯೊಳಗೆ ಬರುತ್ತದೆ, ಮನೆಯ ಸದ್ದು ಅವರಿಗೆ ಕೇಳಿಸುತ್ತದೆ. ಬಿದ್ದವರಿಗೆ ಇದು ವರ, ನೆಂಟರೊಡನೆ ಮಾತಾಡುತ್ತಿರುವವರಿಗೆ ಸಂಕೋಚ. ಇಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಹಕ್ಕು ನಿಮ್ಮದು. ಮಗನಿಗೆ ಹಾಗೆಯೇ ಹೇಳಿ. ಭಾಷೆಯ ವಿಷಯದಲ್ಲಿ, ಆ ಸ್ಪೀಕರಿಗೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹೇಳಬೇಕಾಗುತ್ತದೆ. ಫೋನಿನ ಗೂಗಲ್ ಅಸಿಸ್ಟೆಂಟ್‌ಗೆ ಕನ್ನಡವೂ ಸೇರಿದೆ, ‘ಮಗನಿಗೆ ಫೋನ್ ಮಾಡು’ ಎಂದರೆ ತಿಳಿಯುತ್ತದೆ, ಆದರೆ ನಮ್ಮ ಕಡೆಯ ಆಡುಮಾತಿಗಿಂತ ನೀವು ತರಗತಿಯಲ್ಲಿ ಬಳಸುತ್ತಿದ್ದ ಕನ್ನಡ ಅದಕ್ಕೆ ಚೆನ್ನಾಗಿ ಅರ್ಥವಾಗುತ್ತದೆ.

ಒಲೆಯ ಮಾತಿನಲ್ಲಿ ಎರಡು ಬೇರೆ ಅಪಾಯಗಳನ್ನು ಜನ ಒಂದೆಂದು ತಿಳಿದು ತಪ್ಪು ಸಾಧನ ಕೊಳ್ಳುತ್ತಾರೆ. ಗ್ಯಾಸ್ ಡಿಟೆಕ್ಟರ್ ಹಿಡಿಯುವುದು ಉರಿಯದೆ ಸೋರಿದ ಅನಿಲವನ್ನು. ಹಾಲು ಮರೆತು ಒಲೆ ಉರಿಯುತ್ತಲೇ ಇದ್ದರೆ ಅದು ತುಟಿ ಬಿಚ್ಚುವುದಿಲ್ಲ. ನಿಮ್ಮ ಮರೆವಿಗೆ ಸರಿಯಾದ ಉಪಾಯ ಟೈಮರ್ ಇರುವ ಇಂಡಕ್ಷನ್ ಒಲೆ: ಹಾಲಿಗೆ ಎಂಟು ನಿಮಿಷವೆಂದು ಇಟ್ಟರೆ ಎಂಟು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಹಾಲು, ಚಹಾ, ಅನ್ನ ಇಷ್ಟನ್ನು ಅದಕ್ಕೆ ವರ್ಗಾಯಿಸಿ. ಆದರೂ ಡಿಟೆಕ್ಟರ್ ಇರಲಿ. ಹಾಲು ಉಕ್ಕಿ ಉರಿ ಆರಿದರೆ ಅನಿಲ ಸೋರುತ್ತದೆ, ವಯಸ್ಸಾದಂತೆ ಮೂಗಿನ ಸೂಕ್ಷ್ಮತೆ ಕಡಿಮೆಯಾಗುವುದರಿಂದ ಆ ವಾಸನೆ ತಡವಾಗಿ ತಿಳಿಯುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡುತ್ತದೆ. ಆದ್ದರಿಂದ ಡಿಟೆಕ್ಟರನ್ನು ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿ ಕೂಡಿಸಬೇಕು. ಮಾಡಿನ ಹತ್ತಿರ ಬಡಿದದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಅದು ಕೂಗುವಷ್ಟರಲ್ಲಿ ಕೆಳಗೆ ಕೋಣೆ ತುಂಬಿರುತ್ತದೆ. ಕೂಗಿದಾಗ ಯಾವ ಸ್ವಿಚ್ಚನ್ನೂ ಮುಟ್ಟದೆ, ಫ್ಯಾನು ಕೂಡ ಹಾಕದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906ಕ್ಕೆ ಫೋನು ಮಾಡಿ. ಆ ಸಂಖ್ಯೆ ಅಡುಗೆ ಅನಿಲ ಸೋರಿಕೆಗೆಂದೇ ಇರುವುದು. ಮರೆವು ಹೆಚ್ಚುತ್ತಿದೆ ಎನಿಸಿದರೆ ವೈದ್ಯರಿಗೂ ಒಮ್ಮೆ ತಿಳಿಸಿ, ಕೆಲವು ಔಷಧಗಳಿಂದಲೂ ಥೈರಾಯ್ಡಿನಿಂದಲೂ ಹಾಗಾಗುವುದುಂಟು.

ಪ್ರಶ್ನೆ: ಅಜ್ಜ ಗೀಸರ್ ಆರಿಸಲು ಮರೆಯುತ್ತಾರೆ. ಸ್ಮಾರ್ಟ್ ಪ್ಲಗ್ ಹಾಕಿ ಇಲ್ಲಿಂದಲೇ ಆರಿಸಬಹುದೇ?
— ಅಂಕೋಲಾದ ಓದುಗರು, ಮಸ್ಕತ್‌ನಿಂದ

ಉತ್ತರ: ಹಾಕಬಹುದು, 16 ಆಂಪಿಯರಿನದನ್ನೇ ಹಾಕಿ. ಎರಡು ಸಾವಿರ ವಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್, ಮೂರು ಸಾವಿರದ್ದು 13 ಆಂಪಿಯರ್ ಎಳೆಯುತ್ತದೆ. ಸಣ್ಣ ಪ್ಲಗ್ ಕರಗಿಹೋಗುತ್ತದೆ. ಮಸ್ಕತ್‌ನಿಂದ ನೀವು ದಿನವೂ ಆರಿಸುವ ಬದಲು, ಹಾಕಿದ ಇಪ್ಪತ್ತು ನಿಮಿಷಕ್ಕೆ ತಾನಾಗಿ ಆರುವಂತೆ ನಿಯಮ ಇಡಿ. ಪ್ಲಗ್ ಬಚ್ಚಲಿನ ಹೊರಗಿನ ಗೋಡೆಯಲ್ಲಿರಲಿ. ಅದಕ್ಕಿಂತ ಮೊದಲು, ಮನೆಯ ವೈರಿಂಗಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನನ್ನು ತಾನಾಗಿ ಕಡಿಯುವ ಸ್ವಿಚ್ಚು) ಇದೆಯೇ ಎಂದು ಕೇಳಿ. ಕರಾವಳಿಯ ಉಪ್ಪುಗಾಳಿಯಲ್ಲಿ ಗೀಸರಿನ ಕನೆಕ್ಷನ್ನುಗಳು ಬೇಗ ತುಕ್ಕು ಹಿಡಿಯುತ್ತವೆ, ಕರೆಂಟು ನೀರಿಗೆ ಬಂದಾಗ ಜೀವ ಉಳಿಸುವುದು ಅದು.

ಪ್ರಶ್ನೆ: ನಾನು ಮಗನೂ ಅಲ್ಲ, ಮಗಳೂ ಅಲ್ಲ, ಪಕ್ಕದ ಮನೆಯವನು. ನಮ್ಮ ನೆರೆಯ ಅಜ್ಜಿಯ ಮಗ ಅಮೆರಿಕದಿಂದ ಬಂದಾಗ ಸೆನ್ಸರ್ ಹಾಕಿಸಿ ನನ್ನ ನಂಬರನ್ನೂ ಸೇರಿಸಿ ಹೋಗಿದ್ದಾರೆ. ತಿಂಗಳಲ್ಲಿ ನಾಲ್ಕು ಸಲ ರಾತ್ರಿ ಎರಡು ಗಂಟೆಗೆ ಫೋನು ಕೂಗಿತು, ಓಡಿಹೋಗಿ ನೋಡಿದರೆ ಅಜ್ಜಿ ಮಲಗಿದ್ದರು. ಈಗ ಕೂಗಿದರೂ ಏಳಲು ಮನಸ್ಸಾಗುವುದಿಲ್ಲ, ಏಳದಿದ್ದರೆ ನಿದ್ದೆಯೂ ಬರುವುದಿಲ್ಲ. ಏನು ಮಾಡಲಿ?
— ಯಲ್ಲಾಪುರದ ಓದುಗರು

ಉತ್ತರ: ನೀವು ನಾಲ್ಕು ಸಲ ಎದ್ದು ಹೋದಿರಿ ಎಂಬುದನ್ನು ಓದಿ ಮನಸ್ಸು ತುಂಬಿ ಬಂತು. ತಪ್ಪು ನಿಮ್ಮದಲ್ಲ, ಅಜ್ಜಿಯದೂ ಅಲ್ಲ. ಸೆನ್ಸರನ್ನು ಕೂಡಿಸಿದ ಜಾಗದ್ದು. ರಾತ್ರಿ ಬಚ್ಚಲಿಗೆ ಹೋದವರು ಮರಳಲಿಲ್ಲವೆಂದು ಅದು ಕೂಗುತ್ತಿದ್ದರೆ, ಹೋದದ್ದು ಬೆಕ್ಕಾಗಿರಬಹುದು, ಅಥವಾ ಸೆನ್ಸರಿನ ಮುಖದ ಮೇಲೆಯೇ ಹಲ್ಲಿ ಹರಿದಿರಬಹುದು. ಅದರ ನೋಟ ನೆಲದ ಮಟ್ಟಕ್ಕೆ ಬೀಳದಂತೆ ಎದೆಯೆತ್ತರದಲ್ಲಿ ಅಡ್ಡಲಾಗಿ ಕೂಡಿಸಿ, ಕೆಳಗಿನ ಅರ್ಧಕ್ಕೆ ಬಿಳಿ ಟೇಪು ಅಂಟಿಸಿ. ಬಚ್ಚಲಿನ ಬಾಗಿಲಿಗೆ ಒಂದು ಬಾಗಿಲು ಸೆನ್ಸರ್ ಸೇರಿಸಿ, ಎರಡೂ ಒಟ್ಟಿಗೆ ಹೇಳಿದರೆ ಮಾತ್ರ ಕೂಗಲೆಂದು ನಿಯಮ ಬದಲಿಸುವಂತೆ ಮಗನಿಗೆ ತಿಳಿಸಿ. ಅದನ್ನು ಅವರು ಅಲ್ಲಿಂದಲೇ ಮಾಡಬಹುದು. ಅಮೆರಿಕದಲ್ಲಿ ಆಗ ಹಗಲು. ಆದ್ದರಿಂದ ರಾತ್ರಿಯ ಮೊದಲ ಕರೆ ಮಗನಿಗೇ ಹೋಗಲಿ, ಅವರು ಅಜ್ಜಿಗೆ ಫೋನು ಮಾಡಿ ನೋಡಲಿ, ಐದು ನಿಮಿಷದಲ್ಲಿ ಅಜ್ಜಿ ಎತ್ತದಿದ್ದರೆ ನಿಮಗೆ ಬರಲಿ. ಹೀಗೆ ಕೇಳುವುದರಲ್ಲಿ ಸಂಕೋಚ ಬೇಡ. ನಿಮ್ಮ ನಿದ್ದೆಯೂ ಆ ಏರ್ಪಾಟಿನ ಒಂದು ಭಾಗ, ಅದು ಕೆಟ್ಟರೆ ಉಳಿದದ್ದೆಲ್ಲ ಕೆಡುತ್ತದೆ.

ನಿಜವಾಗಿ ಬಿದ್ದಿದ್ದರೆ ಕೂಡಲೇ ಎತ್ತಿ ನಿಲ್ಲಿಸಬೇಡಿ. ಮೊದಲು ಮಾತಾಡಿಸಿ, ಕೈಕಾಲು ಆಡಿಸಲು ಹೇಳಿ. ಸೊಂಟ ಅಥವಾ ಕುತ್ತಿಗೆ ನೋವೆಂದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಅಲ್ಲಿಯೇ ಕಂಬಳಿ ಹೊದಿಸಿ 108ಕ್ಕೆ ಕರೆ ಮಾಡಿ. ಬಾಯಿ ಓರೆಯಾಗಿ, ಒಂದು ಕೈ ಏಳದೆ, ಮಾತು ತೊದಲುತ್ತಿದ್ದರೆ ಅದು ಪಾರ್ಶ್ವವಾಯು. ರಕ್ತ ಹೆಪ್ಪುಗಟ್ಟಿ ಆದದ್ದಾದರೆ ಅದನ್ನು ಕರಗಿಸುವ ಔಷಧಕ್ಕೆ ನಾಲ್ಕೂವರೆ ಗಂಟೆಯಷ್ಟೇ ಅವಕಾಶವಿದೆ, ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವ ಹೊತ್ತೂ ಅದರಲ್ಲೇ ಸೇರಬೇಕು. ಬೇರೆ ಬಗೆಯ ತೊಂದರೆಗಳಿಗೆ, ಆಸ್ತಿಯ ಕಿರುಕುಳ, ಪಿಂಚಣಿ, ಬೇಸರದ ಮಾತುಕತೆಗೂ ಸಹ, ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಇದೆ. ಅಜ್ಜಿಯ ಫೋನಿನ ಪಕ್ಕ ದಪ್ಪಕ್ಷರದಲ್ಲಿ ಬರೆದು ಅಂಟಿಸಿಕೊಡಿ.

ಇನ್ನೊಂದು ವಿಚಾರ. ಅಜ್ಜಿಗೆ ನಿಮ್ಮ ಓಡಾಟ ಗೊತ್ತಿದೆಯೇ? ಎರಡು ಗಂಟೆ ರಾತ್ರಿ ಕಿಟಕಿಯಲ್ಲಿ ಟಾರ್ಚಿನ ಬೆಳಕು ಕಂಡರೆ ಅವರು ಕಳ್ಳರೆಂದು ಹೆದರಿ ಮರುದಿನದಿಂದ ಅಗಳಿ ಹಾಕಿಕೊಂಡಾರು. ಒಂದು ಹಗಲು ಹೋಗಿ ಕುಳಿತು, ಫೋನು ಕೂಗಿದರೆ ತಾವು ಯಾವ ಬಾಗಿಲಿಗೆ ಬರುವಿರಿ, ಏನೆಂದು ಕರೆಯುವಿರಿ ಎಂಬುದನ್ನು ಹೇಳಿ, ಕೀಲಿ ಅವರ ಕೈಯಿಂದಲೇ ಪಡೆದುಕೊಳ್ಳಿ. ಅಂದೇ ಒಮ್ಮೆ ಅವರ ಎದುರಿನಲ್ಲಿ ಬಾಗಿಲು ಹಾಕಿ, ಹೊರಗಿನಿಂದ ತೆಗೆದು ನೋಡಿ.